ಮಗು ಆಗ್ತಿಲ್ಲ ಅಂದಾಗ ಗಂಡಸರ ಮುಂದಿರುವ ದಾರಿಗಳು: ಕಾರವಾರ, ಕುಮಟಾ, ಶಿರಸಿ ಕಡೆಯವರಿಗೆ ಒಂದು ಹೋಲಿಕೆ

ಮದುವೆಯಾದ ಮೇಲೆ ಎರಡೂವರೆ ವರ್ಷ ನನ್ನ ಹೆಂಡತಿಗೆ ಪರೀಕ್ಷೆಯ ಮೇಲೆ ಪರೀಕ್ಷೆ ಆಯಿತು. ಥೈರಾಯ್ಡ್, ಸ್ಕ್ಯಾನಿಂಗ್, ಮತ್ತೆ ಸ್ಕ್ಯಾನಿಂಗ್, ಕೊನೆಗೆ ಗರ್ಭನಾಳಕ್ಕೆ ಬಣ್ಣ ಬಿಟ್ಟು ತೆಗೆಯುವ ಎಕ್ಸ್‌ರೇ. ಆ ದಿನ ಶಿರಸಿಯಿಂದ ಕುಮಟಾಕ್ಕೆ ವಾಪಸ್ ಬರುವಾಗ ದೇವಿಮನೆ ಘಟ್ಟದ ಒಂದೊಂದು ತಿರುವಿಗೂ ಅವಳು ಕಣ್ಣು ಮುಚ್ಚಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಅಷ್ಟು ದಿನದಲ್ಲಿ ಒಬ್ಬ ಡಾಕ್ಟರೂ ನನ್ನ ಕಡೆ ತಿರುಗಿ "ನಿಮ್ಮದೂ ಒಂದು ಟೆಸ್ಟ್ ಆಗಲಿ" ಅನ್ನಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಿತ್ತು. ಕೊನೆಗೆ ವೀರ್ಯ ಪರೀಕ್ಷೆ ಮಾಡಿಸಿದಾಗ ಆಗಿದ್ದು ಆರುನೂರು ರೂಪಾಯಿ, ಅರ್ಧ ದಿನ. ತೊಂದರೆ ನನ್ನಲ್ಲಿತ್ತು.

ನಾನು ಡಾಕ್ಟರ್ ಅಲ್ಲ. ಅಲೆದಾಡಿ, ಕೇಳಿ, ಓದಿ ತಿಳಿದುಕೊಂಡಿದ್ದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆ ಗಂಡಸರು ಈ ವಿಷಯವನ್ನು ಗೆಳೆಯರ ಹತ್ತಿರವೂ ಬಾಯಿ ಬಿಡುವುದಿಲ್ಲ ಅಲ್ವಾ, ಅದಕ್ಕೇ ಎಲ್ಲರೂ ಅದೇ ತಪ್ಪನ್ನು ಮೊದಲಿಂದ ಮಾಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ ಲೆಕ್ಕದ ಪ್ರಕಾರ ಪ್ರಪಂಚದಲ್ಲಿ ಆರು ಜನರಲ್ಲಿ ಒಬ್ಬರಿಗೆ ಜೀವನದಲ್ಲಿ ಯಾವಾಗಲಾದರೂ ಮಗು ಆಗದ ತೊಂದರೆ ಬರುತ್ತದೆ. ಅಂಥ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ ಪರೀಕ್ಷೆಗೆ ಹೋಗಬೇಕು. ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳು ಕಾಯಿರಿ. ಹೋಗುವಾಗ ಇಬ್ಬರೂ ಒಟ್ಟಿಗೆ ಹೋಗಿ.

ಸ್ಯಾಂಪಲ್ ಮನೆಯಿಂದ ಒಯ್ಯುವುದಾ, ಲ್ಯಾಬಿನಲ್ಲೇ ಕೊಡುವುದಾ?

ನನ್ನ ಓಟು ಲ್ಯಾಬಿಗೆ. ವೀರ್ಯ ಅರ್ಧ ಗಂಟೆಯೊಳಗೆ, ತಡವಾದರೆ ಒಂದು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಒಳಗಿನ ಹಳ್ಳಿಯಿಂದ ಬಸ್ಸು ಹಿಡಿದು ಬರುವವರಿಗೆ ಅದು ಆಗದ ಮಾತು. ಪೇಟೆಯಲ್ಲೇ ಮನೆ ಇದ್ದವರು ಮನೆಯಿಂದ ತರಬಹುದು. ಆದರೆ ಡಬ್ಬಿ ಲ್ಯಾಬಿನವರು ಕೊಟ್ಟಿದ್ದೇ ಆಗಬೇಕು, ಅದನ್ನು ಅಂಗಿಯ ಒಳಗೆ ಮೈಗೆ ತಾಗಿಸಿ ಬೆಚ್ಚಗೆ ಇಟ್ಟುಕೊಳ್ಳಬೇಕು. ಮಾಮೂಲಿ ಕಾಂಡೋಮಿನಲ್ಲಿ ಹಿಡಿಯಬೇಡಿ. ಸೋಪು, ಎಣ್ಣೆ ಬಳಸಬೇಡಿ. ಅದಕ್ಕೂ ಮೊದಲು ಕನಿಷ್ಠ 2 ದಿನ, ಹೆಚ್ಚೆಂದರೆ 7 ದಿನ ವೀರ್ಯ ಹೊರಹೋಗದಂತೆ ಬಿಡುವು ಇರಬೇಕು.

ಲ್ಯಾಬಿನಲ್ಲಿ ಕೊಡುವುದು ಸುಲಭ ಅಂತ ನಾನು ಹೇಳುವುದಿಲ್ಲ. ನಾನು ಕೊಟ್ಟ ಜಾಗ ಒಂದು ಬಚ್ಚಲು. ಚಿಲಕ ಅರ್ಧಕ್ಕೇ ನಿಲ್ಲುತ್ತಿತ್ತು. ಹೊರಗೆ ರಕ್ತ ಪರೀಕ್ಷೆಗೆ ಬಂದವರ ಮಾತು, ಯಾರದೋ ಮಗು ಅಳುತ್ತಿತ್ತು, ನಳ್ಳಿಯಿಂದ ಬಕೆಟ್ಟಿಗೆ ನೀರು ತೊಟ್ಟಿಕ್ಕುವ ಶಬ್ದ. ಗಾಬರಿಯಲ್ಲಿ ಮೊದಲ ಭಾಗ ಡಬ್ಬಿಯ ಹೊರಗೆ ಹೋಯಿತು. ನಾಚಿಕೆಯಿಂದ ಹೇಳದೇ ಉಳಿದಿದ್ದನ್ನು ಕೊಟ್ಟು ಬಂದೆ. ಆಮೇಲೆ ಗೊತ್ತಾಯಿತು, ವೀರ್ಯಾಣು ಜಾಸ್ತಿ ಇರುವುದೇ ಮೊದಲ ಭಾಗದಲ್ಲಿ. ನಿಮಗೂ ಹಾಗಾದರೆ ದಯವಿಟ್ಟು ಹೇಳಿಬಿಡಿ. ಅವರಿಗೆ ಇದು ದಿನಾ ನೋಡುವ ವಿಷಯ.

ಒಂದೇ ರಿಪೋರ್ಟ್ ನಂಬುವುದಾ, ಎರಡು ಮಾಡಿಸುವುದಾ?

ರಿಪೋರ್ಟ್ ಸರಿ ಬಂದರೆ ಒಂದು ಸಾಕು. ಕಡಿಮೆ ಬಂದರೆ ಎರಡನೆಯದು ಬೇಕೇ ಬೇಕು. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಹಿಡಿಯುತ್ತದೆ. ಅಂದರೆ ಇವತ್ತಿನ ರಿಪೋರ್ಟ್ ಎರಡೂವರೆ ತಿಂಗಳ ಹಿಂದೆ ನಿಮ್ಮ ಮೈ ಹೇಗಿತ್ತು ಅನ್ನುವುದನ್ನೂ ಹೇಳುತ್ತಿರುತ್ತದೆ. ನನಗೆ ಮೊದಲ ಟೆಸ್ಟಿಗೆ ಆರು ವಾರ ಮೊದಲು ಡೆಂಗ್ಯೂ ಬಂದು ಹೋಗಿತ್ತು, ಅದನ್ನು ಯಾರೂ ಕೇಳಲಿಲ್ಲ. ಜೋರು ಜ್ವರ ಯಾವುದೇ ಇರಲಿ, ಸಿದ್ದಾಪುರ ಕಡೆಯ ಮಂಗನ ಕಾಯಿಲೆಯೇ ಇರಲಿ, ಕೆಲವು ತಿಂಗಳು ಸಂಖ್ಯೆ ಇಳಿಯಬಹುದು. ಮೊದಲ ರಿಪೋರ್ಟಿನಲ್ಲಿ ಒಂದು ಮಿಲಿಗೆ 60 ಲಕ್ಷ ಇದ್ದಿದ್ದು ಮೂರು ತಿಂಗಳ ನಂತರ ಏನೂ ಔಷಧಿ ಇಲ್ಲದೇ 1.1 ಕೋಟಿಗೆ ಬಂತು. ಆ ಮೂರು ತಿಂಗಳು ನಾನು ಯಾವುದಾದರೂ ಪುಡಿ ತಿಂದಿದ್ದರೆ ಅದರ ಮಹಿಮೆ ಅಂತ ಊರಿಗೆಲ್ಲ ಹೇಳುತ್ತಿದ್ದೆ.

ಅಂಕಿ ಓದುವುದು ಹೀಗೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಮಿತಿ ಅಂತ ಕೊಟ್ಟಿರುವುದು: ಪ್ರಮಾಣ 1.4 ಮಿಲಿ, ಒಂದು ಮಿಲಿಯಲ್ಲಿ 1.6 ಕೋಟಿ ವೀರ್ಯಾಣು, ಒಟ್ಟು 3.9 ಕೋಟಿ, ಚಲನೆ ಇರುವಂಥವು 42 ಶೇಕಡಾ, ಮುಂದಕ್ಕೆ ಈಜುವಂಥವು 30 ಶೇಕಡಾ, ಆಕಾರ ಸರಿ ಇರುವಂಥವು 4 ಶೇಕಡಾ. ರಿಪೋರ್ಟಿನಲ್ಲಿ 16 ಮಿಲಿಯನ್ ಅಂತ ಇದ್ದರೆ ಅದೇ 1.6 ಕೋಟಿ. ಆಕಾರ ಬರೀ 4 ಶೇಕಡಾ ಅಂತ ನೋಡಿ ರಾತ್ರಿಯೆಲ್ಲ ನಿದ್ದೆ ಬಿಟ್ಟವರನ್ನು ನಾನು ಬಲ್ಲೆ. ಅದು ಮಿತಿಯ ಒಳಗೇ ಇದೆ. ಇನ್ನೊಂದು ವಿಷಯ, ಪ್ರಯತ್ನ ಶುರು ಮಾಡಿ ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರಲ್ಲಿ ಕಡೆಯ ಐದು ಶೇಕಡಾ ಜನ ಎಲ್ಲಿ ನಿಂತರು ಅಂತ ನೋಡಿ ಈ ಗೆರೆ ಎಳೆದಿದ್ದಾರೆ. ಗೆರೆಯ ಕೆಳಗಿದ್ದ ಮಾತ್ರಕ್ಕೆ ಮಗು ಆಗುವುದಿಲ್ಲ ಅಂತಲ್ಲ, ಮೇಲಿದ್ದ ಮಾತ್ರಕ್ಕೆ ಆಗೇ ಆಗುತ್ತದೆ ಅಂತಲೂ ಅಲ್ಲ.

ಕಡಿಮೆ ಬಂತು. ಮಾತ್ರೆಯಾ, ನಾಟಿ ಔಷಧಿಯಾ, ಆಪರೇಷನ್ನಾ, ಕಾಯುವುದಾ?

ಇಲ್ಲೇ ಜನ ದುಡ್ಡು ಮತ್ತು ಕಾಲ ಎರಡನ್ನೂ ಕಳೆದುಕೊಳ್ಳುತ್ತಾರೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೆಡಿಕಲ್ ಶಾಪಿನ ಆಂಟಿಆಕ್ಸಿಡೆಂಟ್ ಮಾತ್ರೆಗಳು ತಿಂಗಳಿಗೆ ಸಾವಿರಾರು ರೂಪಾಯಿ ನುಂಗುತ್ತವೆ. ಅಮೆರಿಕದಲ್ಲಿ 2,370 ಜೋಡಿಗಳನ್ನು ಸೇರಿಸಿ ಒಂದು ದೊಡ್ಡ ಪ್ರಯೋಗ ಮಾಡಿದರು. ಅರ್ಧ ಗಂಡಸರಿಗೆ ಆರು ತಿಂಗಳು ಫೋಲಿಕ್ ಆಸಿಡ್ ಮತ್ತು ಜಿಂಕ್, ಉಳಿದರ್ಧಕ್ಕೆ ಔಷಧಿ ಇಲ್ಲದ ಖಾಲಿ ಮಾತ್ರೆ. 2020ರಲ್ಲಿ ಫಲಿತಾಂಶ ಬಂತು. ಮಗು ಹುಟ್ಟಿದ್ದು ಮಾತ್ರೆ ತಿಂದವರಲ್ಲಿ 34 ಶೇಕಡಾ, ಖಾಲಿ ಮಾತ್ರೆಯವರಲ್ಲಿ 35 ಶೇಕಡಾ. ಅದೇ ವರ್ಷ ಬಂದ ಇನ್ನೊಂದು ಸಣ್ಣ ಪ್ರಯೋಗದಲ್ಲಿ ವಿಟಮಿನ್ ಸಿ, ಇ, ಸೆಲೆನಿಯಂ, ಎಲ್-ಕಾರ್ನಿಟಿನ್ ಎಲ್ಲ ಸೇರಿದ ಮಾತ್ರೆ ಕೊಟ್ಟರೂ ವ್ಯತ್ಯಾಸ ಕಾಣಲಿಲ್ಲ. ನಾನು ನಾಲ್ಕು ತಿಂಗಳು ತಿಂದೆ, ಸುಳ್ಳು ಯಾಕೆ ಹೇಳಲಿ. ಆ ದುಡ್ಡು ಇದ್ದಿದ್ದರೆ ಹುಬ್ಬಳ್ಳಿಯ ಓಡಾಟದ ಖರ್ಚು ಪೂರ್ತಿ ಆಗುತ್ತಿತ್ತು.

ನಾಟಿ ಔಷಧಿ, ಆಯುರ್ವೇದದ ವಿಷಯ ನಮ್ಮ ಕಡೆ ಸೂಕ್ಷ್ಮ. ನಮ್ಮ ಮನೆಯಲ್ಲೂ ಮೊದಲು ಹೋಗಿದ್ದು ಅಲ್ಲಿಗೇ. ಅಶ್ವಗಂಧದ ಮೇಲೆ ಅಧ್ಯಯನಗಳಿವೆ, ಸಂಖ್ಯೆ ಏರಿದ್ದನ್ನು ತೋರಿಸುತ್ತವೆ. ಆದರೆ ಅವು ಸಣ್ಣವು, ಅದರಲ್ಲೊಂದು ನಡೆದಿದ್ದು 46 ಜನರ ಮೇಲೆ. ನನಗೆ ನಿಜವಾಗಿ ಹೆದರಿಕೆ ಇರುವುದು ಲೇಬಲ್ ಇಲ್ಲದ ಭಸ್ಮ ಮತ್ತು ಕಪ್ಪು ಮಾತ್ರೆಗಳ ಬಗ್ಗೆ. ಇಂಟರ್‌ನೆಟ್ಟಿನಲ್ಲಿ ಮಾರುವ 193 ಆಯುರ್ವೇದ ಔಷಧಿಗಳನ್ನು ಅಮೆರಿಕದವರು ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದರು. ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಸೀಸ ವೀರ್ಯಾಣುವಿಗೇ ಹಾನಿ ಮಾಡುವ ಲೋಹ. ವೈದ್ಯರನ್ನು ನಂಬಿ ಹೋಗುವವರು ಹೋಗಿ. ಆದರೆ ಕೊಡುವ ಔಷಧಿಯ ಹೆಸರು ಬರೆಸಿಕೊಳ್ಳಿ, ಮೂರು ತಿಂಗಳ ಗಡುವು ಇಟ್ಟುಕೊಳ್ಳಿ, ಗಡುವು ಮುಗಿದ ದಿನ ಮತ್ತೆ ವೀರ್ಯ ಪರೀಕ್ಷೆ ಮಾಡಿಸಿ.

ಒಂದನ್ನು ಮಾತ್ರ ಯಾವ ಕಾರಣಕ್ಕೂ ತಗೊಳ್ಳಬೇಡಿ, ಟೆಸ್ಟೋಸ್ಟೆರಾನ್ ಇಂಜೆಕ್ಷನ್. "ಶಕ್ತಿ ಕಡಿಮೆ, ಗಂಡಸಿನ ಹಾರ್ಮೋನು ಕೊಡೋಣ" ಅನ್ನುವ ಮಾತು ಕೇಳಲು ಸರಿ ಅನಿಸುತ್ತದೆ. ಆಗುವುದು ಉಲ್ಟಾ. ಹೊರಗಿನಿಂದ ಹಾರ್ಮೋನು ಬಂದರೆ ಮೆದುಳು ವೃಷಣಕ್ಕೆ ಕಳಿಸುವ ಸೂಚನೆಯನ್ನೇ ನಿಲ್ಲಿಸುತ್ತದೆ, ವೀರ್ಯಾಣು ಸೊನ್ನೆಗೂ ಇಳಿಯಬಹುದು. ಇದನ್ನೇ ಗಂಡಸರ ಗರ್ಭನಿರೋಧಕವಾಗಿ ಬಳಸಬಹುದಾ ಅಂತ ವಿಶ್ವ ಆರೋಗ್ಯ ಸಂಸ್ಥೆ ಪ್ರಯೋಗ ಮಾಡಿತ್ತು ಅಂದರೆ ಯೋಚನೆ ಮಾಡಿ. ಜಿಮ್ಮಿನಲ್ಲಿ ಕೊಡುವ ಸ್ಟೆರಾಯ್ಡ್ ಕೂಡ ಇದೇ ಜಾತಿ. ಬಿಟ್ಟ ಮೇಲೆ ಮತ್ತೆ ಮೇಲೇರಲು ತಿಂಗಳುಗಳು ಬೇಕು, ಕೆಲವರಿಗೆ ಎರಡು ವರ್ಷವೂ ಆಗುತ್ತದೆ. ಮೆದುಳಿನಿಂದಲೇ ಸೂಚನೆ ಬರದ ಅಪರೂಪದ ಕಾಯಿಲೆಯೊಂದಿದೆ. ಅದರಲ್ಲಿ ಬೇರೆ ಹಾರ್ಮೋನ್ ಇಂಜೆಕ್ಷನ್‌ಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಅದನ್ನು ರಕ್ತ ಪರೀಕ್ಷೆ ನೋಡಿಯೇ ಕೊಡುತ್ತಾರೆ.

ಇನ್ನು ಆಪರೇಷನ್. ಇದು ವೇರಿಕೋಸೀಲ್ ಇದ್ದವರಿಗೆ. ವೃಷಣದ ರಕ್ತನಾಳ ಉಬ್ಬಿ, ಬಿಸಿ ರಕ್ತ ಅಲ್ಲೇ ನಿಂತು, ವೃಷಣಕ್ಕೆ ಬೇಕಾದ ತಂಪು ತಪ್ಪುತ್ತದೆ. ಹೆಚ್ಚಾಗಿ ಎಡಗಡೆಯೇ, ಯಾಕೆಂದರೆ ಎಡಗಡೆಯ ನಾಳ ಕಿಡ್ನಿಯ ನಾಳಕ್ಕೆ ಲಂಬಕೋನದಲ್ಲಿ ಹೋಗಿ ಸೇರುತ್ತದೆ, ರಕ್ತ ಮೇಲೇರುವುದು ಕಷ್ಟ. ಗಂಡಸರಲ್ಲಿ ಸುಮಾರು 15 ಶೇಕಡಾ ಜನರಿಗೆ ಇದು ಇರುತ್ತದೆ, ಮಗು ಆಗದವರಲ್ಲಿ ಇನ್ನೂ ಜಾಸ್ತಿ. ನನಗೆ ಹುಬ್ಬಳ್ಳಿಯ ಯುರಾಲಜಿಸ್ಟ್ ಒಬ್ಬರು ನಿಲ್ಲಿಸಿ, ಕೆಮ್ಮು ಅಂದು, ಕೈಯಲ್ಲಿ ಮುಟ್ಟಿ ಎರಡು ನಿಮಿಷದಲ್ಲಿ ಹೇಳಿದರು. ನನ್ನ ಬೆರಳನ್ನೇ ಹಿಡಿದು ಅಲ್ಲಿ ಇಟ್ಟು ತೋರಿಸಿದರು. ಎರೆಹುಳದ ಗಂಟಿನ ಹಾಗೆ ಸಿಕ್ಕಿತು. ಅಡಿಕೆ ಕೊನೆಕೊಯ್ಲಿನ ದಿನ ಸಂಜೆ ಎಡಗಡೆ ಎಳೆದ ಹಾಗೆ ನೋವು ಬರುತ್ತಿದ್ದಿದ್ದು ಇದೇ. ಎಂಟು ವರ್ಷ ಸುಮ್ನೆ ಇದ್ದೆ.

ಕೈಗೆ ಸಿಗುವ ವೇರಿಕೋಸೀಲ್ ಇದ್ದು, ರಿಪೋರ್ಟೂ ಕಡಿಮೆ ಇದ್ದು, ಹೆಂಡತಿಗೆ ವಯಸ್ಸು ಇನ್ನೂ ಇದ್ದರೆ ಆಪರೇಷನ್ ಒಳ್ಳೆಯ ಆಯ್ಕೆ. ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ರಿಪೋರ್ಟ್ ಸುಧಾರಿಸುತ್ತದೆ, ಅದಕ್ಕೆ 3ರಿಂದ 6 ತಿಂಗಳು ಬೇಕು. ಬರೀ ಸ್ಕ್ಯಾನಿಂಗಿನಲ್ಲಿ ಕಂಡು ಕೈಗೆ ಸಿಗದಂಥದ್ದಕ್ಕೆ ಆಪರೇಷನ್ ಬೇಡ ಅಂತ ಅಮೆರಿಕದ ಯುರಾಲಜಿ ಸಂಘದ ಮಾರ್ಗಸೂಚಿಯೇ ಹೇಳುತ್ತದೆ. ಮಾಡಿಸುವುದಾದರೆ ಮೈಕ್ರೋಸ್ಕೋಪ್ ಇಟ್ಟು ಮಾಡುವವರನ್ನು ಹುಡುಕಿ. ಮತ್ತೆ ಉಬ್ಬುವುದು, ನೀರು ತುಂಬಿಕೊಳ್ಳುವುದು ಅದರಲ್ಲಿ ಕಡಿಮೆ. ನನಗೆ ಆರು ತಿಂಗಳಿಗೆ 2.3 ಕೋಟಿಗೆ ಏರಿತು.

ಯಾವ ದಾರಿ ಹಿಡಿದರೂ ತಂಬಾಕು ಬಿಡಬೇಕು. ಬೀಡಿ, ಗುಟ್ಕಾ, ಕವಳಕ್ಕೆ ಹಾಕುವ ಹೊಗೆಸೊಪ್ಪು, ಎಲ್ಲ ಸೇರಿ. ತೊಡೆಯ ಮೇಲೆ ಲ್ಯಾಪ್‌ಟಾಪ್, ಬೋಟಿನ ಇಂಜಿನ್ ಹತ್ತಿರ ಗಂಟೆಗಟ್ಟಲೆ ಕೂರುವುದು, ಇವೂ ವೃಷಣಕ್ಕೆ ಬಿಸಿ ಕೊಡುತ್ತವೆ. ತೋಟದವರು, ಗೇರು ಪ್ಲಾಂಟೇಶನ್ನಿನವರು ಕೀಟನಾಶಕದ ವಿಷಯ ಡಾಕ್ಟರ್‌ಗೆ ಹೇಳಲೇಬೇಕು. ಕಾಸರಗೋಡಿನಲ್ಲಿ ಗೇರು ತೋಟಕ್ಕೆ ಎಂಡೋಸಲ್ಫಾನ್ ಸಿಂಪಡಿಸಿದ ಊರಿನ ಗಂಡು ಮಕ್ಕಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರ ಲೈಂಗಿಕ ಬೆಳವಣಿಗೆ ತಡವಾಗಿದ್ದು, ಟೆಸ್ಟೋಸ್ಟೆರಾನ್ ಕಡಿಮೆ ಇದ್ದಿದ್ದು ಕಂಡಿತು. ಅದೇ ವಿಷ ನಮ್ಮ ಜಿಲ್ಲೆಯ ಗೇರು ಗುಡ್ಡಗಳಿಗೂ ಬಿದ್ದಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸುವವರೆಗೆ ಯಾರು ಎಷ್ಟು ಉಸಿರಾಡಿದರೋ.

ಸೊನ್ನೆ ಬಂದರೆ

ವೀರ್ಯದಲ್ಲಿ ಒಂದೂ ವೀರ್ಯಾಣು ಇಲ್ಲ ಅಂತ ಬಂದರೆ ಅವತ್ತೇ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಕೇಳಬೇಕಾದ ಪ್ರಶ್ನೆ ಒಂದೇ: ದಾರಿ ಕಟ್ಟಿದೆಯಾ, ತಯಾರೇ ಆಗುತ್ತಿಲ್ಲವಾ? ಕೈ ಪರೀಕ್ಷೆ ಮತ್ತು ಎಫ್‌ಎಸ್‌ಎಚ್ (ಮೆದುಳು ವೃಷಣಕ್ಕೆ ಸೂಚನೆ ಕಳಿಸುವ ಹಾರ್ಮೋನು), ಟೆಸ್ಟೋಸ್ಟೆರಾನ್ ರಕ್ತ ಪರೀಕ್ಷೆಯಿಂದ ಬಹಳ ಮಟ್ಟಿಗೆ ಗೊತ್ತಾಗುತ್ತದೆ. ದಾರಿ ಕಟ್ಟಿದ್ದರೆ ಸೂಜಿಯಿಂದ ವೃಷಣದೊಳಗಿನಿಂದಲೇ ವೀರ್ಯಾಣು ತೆಗೆಯಬಹುದು, ಸಾಮಾನ್ಯವಾಗಿ ಸಿಗುತ್ತದೆ. ತಯಾರಿಯೇ ಇಲ್ಲದಿದ್ದರೆ ಮೈಕ್ರೋಸ್ಕೋಪ್ ಇಟ್ಟು ವೃಷಣದಲ್ಲಿ ಹುಡುಕುವ ಮೈಕ್ರೋ-ಟೀಸೆ ಅನ್ನುವ ಆಪರೇಷನ್ ಇದೆ. ಸುಮಾರು ಅರ್ಧ ಜನರಿಗೆ ಸಿಗುತ್ತದೆ, ಅರ್ಧ ಜನರಿಗೆ ಇಲ್ಲ. ಅದಕ್ಕೆ ಮೊದಲು ಕ್ರೋಮೋಸೋಮ್ ಪರೀಕ್ಷೆ ಮತ್ತು ವೈ ಕ್ರೋಮೋಸೋಮಿನ ತುಣುಕು ಕಳೆದಿದೆಯಾ ಅನ್ನುವ ಪರೀಕ್ಷೆ ಮಾಡಿಸಲೇಬೇಕು. ಆ ಕ್ರೋಮೋಸೋಮಿನಲ್ಲಿ ಎಝಡ್‌ಎಫ್ ಅನ್ನುವ ಜಾಗದ ಎ ಅಥವಾ ಬಿ ಭಾಗ ಪೂರ್ತಿ ಇಲ್ಲದಿದ್ದರೆ ಹುಡುಕಿದರೂ ಸಿಗುವುದಿಲ್ಲ. ಸಿ ಭಾಗ ಮಾತ್ರ ಇಲ್ಲದಿದ್ದರೆ ಆಸೆ ಇದೆ. ಈ ಪರೀಕ್ಷೆ ಮಾಡಿಸದೇ ಆಪರೇಷನ್ ದಿನಾಂಕ ಕೊಡುವ ಕಡೆ ಹೋಗಬೇಡಿ.

ಸಿಗದಿದ್ದರೆ ದಾನಿಯ ವೀರ್ಯ ಅಥವಾ ದತ್ತು. ಮಗು ಆಗಲು ಕೊಡುವ ಚಿಕಿತ್ಸೆಗಳ ಬಗ್ಗೆ ಇರುವ 2021ರ ಎಆರ್‌ಟಿ ಕಾನೂನಿನ ಪ್ರಕಾರ ದಾನಿಯ ವೀರ್ಯ ನೋಂದಾಯಿತ ಬ್ಯಾಂಕಿನಿಂದಲೇ ಬರಬೇಕು, ಒಬ್ಬ ದಾನಿಯದನ್ನು ಒಂದಕ್ಕಿಂತ ಜಾಸ್ತಿ ಜೋಡಿಗೆ ಕೊಡುವಂತಿಲ್ಲ, ಇಬ್ಬರ ಲಿಖಿತ ಒಪ್ಪಿಗೆ ಬೇಕು, ಹುಟ್ಟಿದ ಮಗು ಕಾನೂನಿನಲ್ಲಿ ನಿಮ್ಮದೇ. ಇದನ್ನು ಗಂಡ ಹೆಂಡತಿ ಇಬ್ಬರೇ ಕೂತು ಮಾತಾಡಿ. ಅತ್ತೆ ಮಾವ, ಅಣ್ಣ ಅತ್ತಿಗೆ ಬೇಡ.

ಐಯುಐ, ಐವಿಎಫ್, ಇಕ್ಸಿ

ಐಯುಐ ಅಂದರೆ ವೀರ್ಯ ತೊಳೆದು, ಚೆನ್ನಾಗಿ ಈಜುವುದನ್ನು ಆರಿಸಿ ಗರ್ಭಕೋಶಕ್ಕೆ ಬಿಡುವುದು. ಕೆಲವೇ ಸಾವಿರದಲ್ಲಿ ಮುಗಿಯುತ್ತದೆ, ಸಾಮಾನ್ಯವಾಗಿ ಹೆಚ್ಚು ನೋವಿಲ್ಲ. ಆದರೆ ಒಂದು ಸಲಕ್ಕೆ ನೂರರಲ್ಲಿ ಹತ್ತರ ಆಸುಪಾಸಿನ ಜನರಿಗೆ ಮಾತ್ರ ಗರ್ಭ ನಿಲ್ಲುತ್ತದೆ. ತೊಳೆದ ಮೇಲೆ ಈಜುವ ವೀರ್ಯಾಣು 50 ಲಕ್ಷಕ್ಕಿಂತ ಕಡಿಮೆ ಉಳಿದರೆ ಅವಕಾಶ ಇನ್ನೂ ಇಳಿಯುತ್ತದೆ. ಆ ಸಂಖ್ಯೆ ಕೇಳಿ ಬರೆದುಕೊಳ್ಳಿ. ಮೂರು ನಾಲ್ಕು ಸಲ ಮಾಡಿ ಆಗದಿದ್ದರೆ ಆರನೆಯದು, ಏಳನೆಯದು ಅಂತ ಎಳೆಯಬೇಡಿ.

ಐವಿಎಫ್‌ನಲ್ಲಿ ಅಂಡಾಣು ಹೊರಗೆ ತೆಗೆದು ವೀರ್ಯಾಣುಗಳ ಜೊತೆ ಬಿಡುತ್ತಾರೆ. ಇಕ್ಸಿಯಲ್ಲಿ ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಹಾಕುತ್ತಾರೆ. ಇಕ್ಸಿಯಿಂದ ಮಗು ಆಗಿದೆ ಅಂತ 1992ರಲ್ಲಿ ಬೆಲ್ಜಿಯಂನಿಂದ ಸುದ್ದಿ ಬಂದ ಮೇಲೆ ನಮ್ಮಂಥ ಕಡಿಮೆ ಸಂಖ್ಯೆಯವರ ಪರಿಸ್ಥಿತಿಯೇ ಬದಲಾಯಿತು. ಸಂಖ್ಯೆ ತುಂಬಾ ಕಡಿಮೆ ಇದ್ದರೆ, ವೃಷಣದಿಂದ ತೆಗೆದಿದ್ದರೆ ಇಕ್ಸಿಯೇ ಬೇಕು. ಆದರೆ ವೀರ್ಯ ಸರಿ ಇರುವವರಿಗೂ ಇಕ್ಸಿಯೇ ಮಾಡೋಣ ಅಂದರೆ ಯಾಕೆ ಅಂತ ಕೇಳಿ. ವಿಯೆಟ್ನಾಂನಲ್ಲಿ ವೀರ್ಯ ಸರಿ ಇದ್ದ 1,064 ಜೋಡಿಗಳ ಮೇಲೆ ನಡೆದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಮಗು ಹುಟ್ಟಿದ ಲೆಕ್ಕದಲ್ಲಿ ಇಕ್ಸಿ ಐವಿಎಫ್‌ಗಿಂತ ಮೇಲು ಅಂತ ಸಾಬೀತಾಗಲಿಲ್ಲ.

ಈ ಎರಡಕ್ಕೂ ಒಂದು ಸಲಕ್ಕೆ ಲಕ್ಷದ ಮೇಲೆಯೇ ಖರ್ಚು. ಇಂಜೆಕ್ಷನ್ ಚುಚ್ಚುವುದು, ಅಂಡಾಣು ತೆಗೆಯುವುದು ಎಲ್ಲ ಹೆಂಡತಿಯ ಮೈಮೇಲೆ, ತೊಂದರೆ ನಿಮ್ಮದಾಗಿದ್ದರೂ ಕೂಡ. ಅದಕ್ಕೇ ನನ್ನ ಅಭಿಪ್ರಾಯ, ಅವಳಿಗೆ 32ರ ಒಳಗಿದ್ದು ನಿಮ್ಮ ತೊಂದರೆ ಸರಿ ಮಾಡಬಹುದಾದದ್ದಾದರೆ ಮೊದಲು ಅದನ್ನು ಸರಿ ಮಾಡಿಸಿ. 36-37 ಆಗಿದ್ದರೆ ನಿಮ್ಮ ಆಪರೇಷನ್ನಿಗೆ ಅಂತ ಆರು ತಿಂಗಳು ಕಾಯಿಸುವುದು ಅವಳಿಗೆ ನಷ್ಟ. ನಮಗೆ ಎರಡನೇ ಐಯುಐನಲ್ಲಿ ಆಯಿತು. ಮಗಳಿಗೀಗ ಹದಿನಾಲ್ಕು ತಿಂಗಳು. ಆಪರೇಷನ್ನಿಂದಲೇ ಆಯಿತು ಅಂತ ನಾನು ಆಣೆ ಇಟ್ಟು ಹೇಳಲಾರೆ.

ಹಾಸಿಗೆಯ ತೊಂದರೆ ಬೇರೆ, ಅದರ ಮಾತ್ರೆಯೂ ಬೇರೆ

ನಿಮಿರುವಿಕೆ ಸರಿ ಇದ್ದವರಿಗೂ ವೀರ್ಯಾಣು ಸೊನ್ನೆ ಇರಬಹುದು. ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಮಾತ್ರೆ ಕೆಲವು ಗಂಟೆ, ಟಾಡಾಲಾಫಿಲ್ ಒಂದೂವರೆ ದಿನದವರೆಗೆ ಕೆಲಸ ಮಾಡುತ್ತದೆ. ಎರಡೂ ಸಂಖ್ಯೆ ಏರಿಸುವ ಔಷಧಿಯಲ್ಲ. ಎದೆನೋವಿಗೆ ಸಾರ್ಬಿಟ್ರೇಟ್ ಥರದ ಮಾತ್ರೆ ಇರುವವರು ಇವನ್ನು ಮುಟ್ಟಲೇಬಾರದು, ಬಿಪಿ ಕುಸಿದು ಜೀವಕ್ಕೇ ಅಪಾಯ. ಗಿಡಮೂಲಿಕೆ ಅಂತ ಮಾರುವ ಶಕ್ತಿವರ್ಧಕಗಳಲ್ಲಿ ಸಿಲ್ಡೆನಾಫಿಲ್ ಕದ್ದು ಬೆರೆಸಿದ್ದನ್ನು ಅಮೆರಿಕದ ಔಷಧ ಇಲಾಖೆ ಎಷ್ಟೋ ಸಲ ಹಿಡಿದಿದೆ. ನಲವತ್ತರ ಹತ್ತಿರ ಈ ತೊಂದರೆ ಹೊಸದಾಗಿ ಶುರುವಾದರೆ ಮೊದಲು ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ನೋಡಿಸಿ. ಶಿಶ್ನದ ರಕ್ತನಾಳ ಹೃದಯದ ನಾಳಕ್ಕಿಂತ ಸಣ್ಣದು, ಹಾಗಾಗಿ ಮೊದಲು ಸೂಚನೆ ಕೊಡುತ್ತದೆ.

ಹುಬ್ಬಳ್ಳಿಯಾ, ಮಣಿಪಾಲವಾ, ಗೋವಾನಾ?

ಆಸ್ಪತ್ರೆಯ ಬೋರ್ಡ್ ನೋಡುವ ಮೊದಲು ಎಷ್ಟು ಸಲ ಹೋಗಬೇಕು ಅಂತ ಎಣಿಸಿ. ವೇರಿಕೋಸೀಲ್ ಆಪರೇಷನ್ ಅಂದರೆ ಒಟ್ಟು ಮೂರು ನಾಲ್ಕು ಸಲದ ಓಡಾಟ. ದೂರ ಆದರೂ ಕೈ ಚೆನ್ನಾಗಿರುವವರ ಹತ್ತಿರ ಹೋಗಿ. ಐಯುಐಗೆ ಪ್ರತಿ ತಿಂಗಳು ಎರಡು ಮೂರು ಸ್ಕ್ಯಾನಿಂಗ್, ಅದಕ್ಕೆ ಹತ್ತಿರದ್ದೇ ಸರಿ. ಸ್ಕ್ಯಾನಿಂಗ್ ಊರಲ್ಲೇ ಮಾಡಿಸಿ ವಾಟ್ಸಾಪಿನಲ್ಲಿ ಕಳಿಸಿದರೆ ಒಪ್ಪುತ್ತೀರಾ ಅಂತ ಮೊದಲೇ ಕೇಳಿ. ಐವಿಎಫ್‌ಗೆ ಹತ್ತು ಹನ್ನೆರಡು ದಿನದ ಇಂಜೆಕ್ಷನ್, ನಡುವೆ ನಾಲ್ಕೈದು ಸ್ಕ್ಯಾನ್. ನೆಂಟರ ಮನೆ ಇರುವ ಊರೇ ಒಳ್ಳೆಯದು.

ಶಿರಸಿ, ಯಲ್ಲಾಪುರ, ಸಿದ್ದಾಪುರದವರಿಗೆ ಹುಬ್ಬಳ್ಳಿ-ಧಾರವಾಡ ಸುಲಭ. ಹೊನ್ನಾವರ, ಭಟ್ಕಳದವರು ಮಣಿಪಾಲ, ಮಂಗಳೂರು ನೋಡಬಹುದು. ಕೊಂಕಣ ರೈಲು ಇದೆ, ಘಟ್ಟದ ಬಸ್ಸಿನ ಕುಲುಕಾಟ ಇಲ್ಲ, ಮಣಿಪಾಲದಲ್ಲಿ ಭ್ರೂಣಶಾಸ್ತ್ರ ಓದಿಸುವ ವಿಭಾಗವೇ ಇದೆ. ಕಾರವಾರದವರಿಗೆ ಮಡಗಾಂವ ಹತ್ತಿರ. ಎಲ್ಲೇ ಹೋದರೂ ಎಆರ್‌ಟಿ ಕಾನೂನಿನ ನೋಂದಣಿ ಸಂಖ್ಯೆ ಕೇಳಿ. ಲೆವೆಲ್ 1 ಅಂದರೆ ಐಯುಐ ತನಕ, ಐವಿಎಫ್ ಮಾಡಲು ಲೆವೆಲ್ 2 ಬೇಕು. ಗಂಡಸರನ್ನು ನೋಡುವ ಯುರಾಲಜಿಸ್ಟ್ ಅಥವಾ ಆಂಡ್ರಾಲಜಿಸ್ಟ್ ಅಲ್ಲಿ ಇದ್ದಾರಾ ಕೇಳಿ. ಇಲ್ಲ ಅಂದರೆ ನಿಮ್ಮನ್ನು ಮುಟ್ಟಿಯೂ ನೋಡದೇ ನೇರ ಇಕ್ಸಿಗೆ ಕಳಿಸುವ ಸಾಧ್ಯತೆ ಜಾಸ್ತಿ.

ಬೋಟಿಗೆ ಹೋಗುವವರು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳನ್ನು ಇದಕ್ಕೆ ಇಟ್ಟುಕೊಳ್ಳಬಹುದು. ತೋಟದವರು ಕೊನೆಕೊಯ್ಲು ಮುಗಿಸಿ ಹೊರಡಿ.

ಹೊರಡುವಾಗ ಎರಡೂ ವೀರ್ಯ ರಿಪೋರ್ಟ್, ಕಳೆದ ಆರು ತಿಂಗಳಲ್ಲಿ ಬಂದ ಜ್ವರ, ತಿಂದ ಮಾತ್ರೆಗಳ ಪಟ್ಟಿ, ಚಿಕ್ಕಂದಿನಲ್ಲಿ ಗದ್ದಕಟ್ಟು ಆಗಿತ್ತಾ, ಹರ್ನಿಯಾ ಆಪರೇಷನ್ ಆಗಿತ್ತಾ, ವೃಷಣ ಕೆಳಗೆ ಇಳಿಯದೇ ಇತ್ತಾ ಅಂತ ಅಮ್ಮನ ಹತ್ತಿರ ಕೇಳಿ ಬರೆದುಕೊಳ್ಳಿ. ನಮ್ಮ ಫೈಲಿನ ಮೇಲೆ ಎರಡೂವರೆ ವರ್ಷ ಅವಳ ಹೆಸರೊಂದೇ ಇತ್ತು. ಹುಬ್ಬಳ್ಳಿಯಲ್ಲಿ ಕೌಂಟರಿನ ಹುಡುಗಿ ಹೊಸ ಫೈಲ್ ತೆಗೆದು ಮೊದಲು ನನ್ನ ಹೆಸರು ಕೇಳಿದಳು.